ಹುಬ್ಬಳ್ಳಿಗೆ ವಿದೇಶಿ ವಿಮಾನ ಬರ್ತದೇನ್ರಿ? ಹೊಸ ಅಂತಾರಾಷ್ಟ್ರೀಯ ಮಾರ್ಗದ ಅನುಮತಿ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ವಿದೇಶಿ ವಿಮಾನ ಕಂಪನಿಯೊಂದು ಭಾರತಕ್ಕೆ ಹೊಸ ಮಾರ್ಗ ಕೇಳಿ ಅರ್ಜಿ ಹಾಕಿದೆ ಎಂದು ಪೇಪರಿನಲ್ಲಿ ಬಂದರೆ ಸಾಕು, ನಮ್ಮ ಕಡೆ ಮೊದಲ ಪ್ರಶ್ನೆ ಒಂದೇ: ಹುಬ್ಬಳ್ಳಿಗೆ ಬರ್ತದೇನ್ರಿ? ನವಲಗುಂದ, ರೋಣ, ಶಿಗ್ಗಾಂವಿ, ಹಾನಗಲ್ ಕಡೆಯಿಂದ ಗಲ್ಫ್‌ಗೆ ದುಡಿಯಲು ಹೋದವರಿದ್ದಾರೆ. ಹೊರದೇಶದಲ್ಲಿ ಓದುವ ಧಾರವಾಡದ ಮಕ್ಕಳಿದ್ದಾರೆ. ಅವರ ಮನೆಯವರು ಫೋನಿನಲ್ಲಿ, ಪತ್ರದಲ್ಲಿ, ಎದುರು ಸಿಕ್ಕಾಗ ಕೇಳಿದ ಪ್ರಶ್ನೆಗಳನ್ನು ಅವರ ಮಾತಿನಲ್ಲೇ ಇಟ್ಟು ಉತ್ತರ ಬರೆದಿದ್ದೇನೆ. ಸುಲಭದ್ದು ಮೊದಲು, ಬಿಗಿಯಾದದ್ದು ಆಮೇಲೆ.

## ಮೊದಲ ಪ್ರಶ್ನೆಗಳು

ಕಂಪನಿ ಕಡೆ ವಿಮಾನ ಐತಿ, ರೊಕ್ಕ ಐತಿ. ಮತ್ತ ಅನುಮತಿ ಯಾಕ ಬೇಕ್ರಿ?

ನೆಲ ಹೇಗೆ ಒಂದು ದೇಶದ್ದೋ ಅದರ ಮೇಲಿನ ಆಕಾಶವೂ ಆ ದೇಶದ್ದೇ. 1944ರ ಡಿಸೆಂಬರ್ 7ರಂದು ಅಮೆರಿಕದ ಶಿಕಾಗೋದಲ್ಲಿ ಸಹಿಯಾದ ಒಪ್ಪಂದದ ಮೊದಲ ಕಲಮಿನಲ್ಲೇ ಈ ಮಾತಿದೆ. ಆರನೇ ಕಲಮು ಇನ್ನೂ ಖಡಕ್ಕಾಗಿದೆ. ವೇಳಾಪಟ್ಟಿ ಹಾಕಿಕೊಂಡು ನಡೆಸುವ ಅಂತಾರಾಷ್ಟ್ರೀಯ ವಿಮಾನ ಇನ್ನೊಂದು ದೇಶದ ಮೇಲೆ ಹಾರಬೇಕಾದರೂ, ಅಲ್ಲಿ ಇಳಿಯಬೇಕಾದರೂ ಆ ದೇಶದ ಅನುಮತಿ ಬೇಕೇ ಬೇಕು. ಭಾರತವೂ ಈ ಒಪ್ಪಂದದಲ್ಲಿದೆ.

ಹಾಗಾಗಿ ಹೊಸ ಮಾರ್ಗ ಎಂದರೆ ಮೊದಲು ಎರಡು ಸರ್ಕಾರಗಳ ನಡುವಿನ ಮಾತು. ಕಂಪನಿಯ ಸರದಿ ಬರುವುದು ಆಮೇಲೆ. ನೂರಕ್ಕೂ ಹೆಚ್ಚು ದೇಶಗಳ ಜೊತೆ ಭಾರತಕ್ಕೆ ವಿಮಾನ ಸೇವಾ ಒಪ್ಪಂದಗಳಿವೆ. ಯಾವ ಊರಿಗೆ ಬರಬಹುದು, ವಾರಕ್ಕೆ ಎಷ್ಟು ಸೀಟು ಅಥವಾ ಎಷ್ಟು ಹಾರಾಟ ಎಂಬುದು ಅಲ್ಲಿ ತೀರ್ಮಾನವಾಗಿರುತ್ತದೆ. ಆ ಚೌಕಟ್ಟಿನ ಹೊರಗೆ ಎಷ್ಟೇ ದೊಡ್ಡ ಕಂಪನಿಯಾದರೂ ಏನೂ ಮಾಡಲು ಬರುವುದಿಲ್ಲ.

ಅನುಮತಿ ಕೊಡೋರು ಯಾರು? ಡಿಜಿಸಿಎ ಒಂದ ಸಾಕಾ?

ಸಾಕಾಗುವುದಿಲ್ಲ. ಡಿಜಿಸಿಎ ಎಂದರೆ ವಿಮಾನಗಳ ನಿಯಮ, ಸುರಕ್ಷತೆ ನೋಡುವ ಕೇಂದ್ರದ ಕಚೇರಿ. ಮೊದಲು ಕಂಪನಿಯ ಸ್ವಂತ ದೇಶದ ಸರ್ಕಾರ, "ನಮ್ಮ ಪರವಾಗಿ ಈ ಕಂಪನಿ ಬರುತ್ತದೆ" ಎಂದು ಭಾರತಕ್ಕೆ ಬರೆದು ತಿಳಿಸಬೇಕು. ಆಮೇಲೆ ಕಡತ ನಮ್ಮ ನಾಗರಿಕ ವಿಮಾನಯಾನ ಸಚಿವಾಲಯ ಮತ್ತು ಡಿಜಿಸಿಎ ಮುಂದೆ ಬರುತ್ತದೆ. ವಿಮಾನ ಹಾರಿಸುವ ಪರವಾನಗಿ, ವಿಮಾನದ ನೋಂದಣಿ, ಅದು ಹಾರಲು ಯೋಗ್ಯ ಎಂಬ ಪ್ರಮಾಣಪತ್ರ, ವಿಮೆ ಎಲ್ಲವನ್ನೂ ನೋಡುತ್ತಾರೆ. ಕಂಪನಿಯ ಒಡೆತನ ನಿಜವಾಗಿ ಯಾರ ಕೈಯಲ್ಲಿದೆ ಎಂದೂ ಕೇಳಬಹುದು. ಬೇರೆ ದೇಶದವರು ಇನ್ನೊಂದು ದೇಶದ ಹೆಸರಿನಲ್ಲಿ ನುಸುಳಬಾರದಲ್ಲ, ಅದಕ್ಕೆ.

ಭದ್ರತೆಯ ಯೋಜನೆಯನ್ನು ಒಪ್ಪುವುದು ಇನ್ನೊಂದು ಕಚೇರಿ. ಅದನ್ನು ಬಿಸಿಎಎಸ್ ಎನ್ನುತ್ತಾರೆ. ಇಳಿಯಲು, ಏರಲು ಸಮಯ ಕೊಡುವುದು ಆಯಾ ವಿಮಾನ ನಿಲ್ದಾಣ. ಲಗೇಜ್ ಇಳಿಸುವ, ವಿಮಾನ ತಳ್ಳುವ ಕೆಲಸಕ್ಕೆ ಯಾರನ್ನು ಇಟ್ಟುಕೊಂಡಿದ್ದಾರೆ ಎಂಬುದನ್ನೂ ತೋರಿಸಬೇಕು. ಇಷ್ಟಾದ ಮೇಲೂ ವೇಳಾಪಟ್ಟಿಗೆ ಪ್ರತಿ ಸೀಸನ್‌ನಲ್ಲಿ ಮತ್ತೆ ಒಪ್ಪಿಗೆ ಬೇಕು. ಬೇಸಿಗೆ ಸೀಸನ್ ಮಾರ್ಚ್ ಕೊನೆಯ ಭಾನುವಾರ ಶುರು, ಚಳಿಗಾಲದ್ದು ಅಕ್ಟೋಬರ್ ಕೊನೆಯ ಭಾನುವಾರ. ಹೊಸ ಮಾರ್ಗಗಳ ಸುದ್ದಿ ಈ ಎರಡು ಹೊತ್ತಿನಲ್ಲೇ ಜಾಸ್ತಿ ಬರುವುದು ಇದರಿಂದಲೇ.

ಹಿಂದೆ ಈ ಎಲ್ಲಕ್ಕೂ ತಳಹದಿ 1934ರ ವಿಮಾನ ಕಾಯ್ದೆ. 2025ರ ಜನವರಿ 1ರಿಂದ ಅದರ ಜಾಗದಲ್ಲಿ ಭಾರತೀಯ ವಾಯುಯಾನ ಅಧಿನಿಯಮ ಬಂದಿದೆ.

ಟಿಕೆಟ್ ಮಾರಾಕತ್ತಾರ, ಕೆಳಗ "ಸರ್ಕಾರದ ಅನುಮತಿಗೆ ಒಳಪಟ್ಟು" ಅಂತ ಸಣ್ಣ ಅಕ್ಷರದಾಗ ಬರದಾರ. ತಗೋಬೇಕಾ ಬ್ಯಾಡಾ?

ಆ ಸಣ್ಣ ಅಕ್ಷರವನ್ನು ದಯವಿಟ್ಟು ಓದಿ. ಕೊನೆಯ ಒಪ್ಪಿಗೆ ಇನ್ನೂ ಕೈಗೆ ಬಂದಿಲ್ಲ ಎಂದು ಅದರ ಅರ್ಥ. ಬಹಳ ಸಲ ಒಪ್ಪಿಗೆ ಬರುತ್ತದೆ, ವಿಮಾನವೂ ಹಾರುತ್ತದೆ. ಆದರೆ ದಿನ ಮುಂದೆ ಹೋಗಬಹುದು, ವಾರಕ್ಕೆ ಐದು ಇದ್ದದ್ದು ಮೂರಾಗಬಹುದು.

ರಜೆಗೆ ಊರಿಗೆ ಬರುವವರು ದಿನ ಆಚೀಚೆ ಆದರೆ ನಡೆಯುತ್ತದೆ ಎಂದಿದ್ದರೆ ತಗೊಳ್ಳಲಿ. ವೀಸಾ ಮುಗಿಯುವ ದಿನ ಹತ್ತಿರ ಇದ್ದವರು, ಹೊಸ ಕೆಲಸಕ್ಕೆ ಇಂಥ ದಿನವೇ ಹಾಜರಾಗಬೇಕಾದವರು ಈಗಾಗಲೇ ನಡೆಯುತ್ತಿರುವ ಮಾರ್ಗದಲ್ಲೇ ಹೋಗುವುದು ಒಳ್ಳೆಯದು. ತಗೊಂಡರೂ ಕಂಪನಿ ತಾನೇ ರದ್ದು ಮಾಡಿದರೆ ಪೂರ್ತಿ ಹಣ ವಾಪಸ್ ಕೊಡುತ್ತದೋ, ಬರೀ ವೋಚರ್ ಕೊಡುತ್ತದೋ ಎಂದು ಮೊದಲೇ ಕೇಳಿ, ಬರಹದಲ್ಲಿ ಇಟ್ಟುಕೊಳ್ಳಿ.

ಟಿಕೆಟ್ ಹುಡುಕಾಕ ಹುಬ್ಬಳ್ಳಿ ಅಂತ ಹಾಕಿದ್ರ ಕೆಲವೊಮ್ಮೆ ವಿದೇಶಿ ಕಂಪನಿ ಹೆಸರು ಬರ್ತದ. ಅಂದ್ರ ಅವ್ರು ಬಂದಾರ ಅಂತ ಅಲ್ವಾ?

ಅಲ್ಲ. ಅದನ್ನು ಕೋಡ್‌ಶೇರ್ ಎನ್ನುತ್ತಾರೆ. ಹುಬ್ಬಳ್ಳಿಯಿಂದ ಏರುವುದು ಭಾರತದ ಕಂಪನಿಯ ವಿಮಾನವನ್ನೇ. ಅದರ ಕೆಲವು ಸೀಟುಗಳನ್ನು ವಿದೇಶಿ ಕಂಪನಿ ತನ್ನ ಹೆಸರು, ತನ್ನ ನಂಬರ್ ಹಾಕಿ ಮಾರುತ್ತದೆ. ಪಾಸ್‌ಪೋರ್ಟ್‌ಗೆ ಮುದ್ರೆ ಬೀಳುವುದು ಬೆಂಗಳೂರು, ಮುಂಬೈಯಂಥ ಕಡೆ. ಆದರೂ ಇದರಲ್ಲಿ ದೊಡ್ಡ ಲಾಭವಿದೆ. ಹುಬ್ಬಳ್ಳಿಯಿಂದ ಕೊನೆಯ ಊರಿನ ತನಕ ಒಂದೇ ಟಿಕೆಟ್ ಇದ್ದರೆ, ಮೊದಲ ವಿಮಾನ ತಡವಾಗಿ ಮುಂದಿನದು ತಪ್ಪಿದಾಗ ಬೇರೆ ವಿಮಾನ ಹತ್ತಿಸುವ ಹೊಣೆ ಕಂಪನಿಯದು. ಬೇರೆ ಬೇರೆ ಟಿಕೆಟ್ ತೆಗೆದಿದ್ದರೆ ನಷ್ಟ ನಿಮ್ಮದೇ. ಸಾವಿರ ರೂಪಾಯಿ ಉಳಿಯುತ್ತದೆ ಎಂದು ಬಿಡಿ ಟಿಕೆಟ್ ತೆಗೆಯಬೇಡಿ.

## ನಮ್ಮ ಹುಬ್ಬಳ್ಳಿಯ ಪ್ರಶ್ನೆಗಳು

ಹುಬ್ಬಳ್ಳಿಂದ ಸೀದಾ ದುಬೈಗೆ ಹೋಗಾಕ ಏನ್ ಅಡ್ಡಿ ಐತಿ?

ನಮ್ಮದು ಈಗ ದೇಶದೊಳಗಿನ ವಿಮಾನಗಳ ನಿಲ್ದಾಣ. ಹೊರದೇಶದ ವಿಮಾನ ಇಳಿಯಬೇಕಾದರೆ ಅಲ್ಲಿ ಮೂರು ಕಚೇರಿ ಕೆಲಸ ಮಾಡಬೇಕು. ಕಸ್ಟಮ್ಸ್ ಬೇಕು, ಅದಕ್ಕೆ 1962ರ ಕಸ್ಟಮ್ಸ್ ಕಾಯ್ದೆಯಂತೆ ಅಧಿಸೂಚನೆ ಹೊರಡಬೇಕು. ಇಮಿಗ್ರೇಷನ್ ಬೇಕು, ಅದು ಕೇಂದ್ರ ಗೃಹ ಸಚಿವಾಲಯದ ಕೈಯಲ್ಲಿದೆ. ರೋಗ ಹರಡದಂತೆ ನೋಡುವ ಆರೋಗ್ಯ ಸಿಬ್ಬಂದಿ ಬೇಕು. ಹೊರದೇಶಕ್ಕೆ ಹೋಗಿ ಬರುವವರು ದೇಶದೊಳಗಿನ ಪ್ರಯಾಣಿಕರ ಜೊತೆ ಬೆರೆಯುವಂತಿಲ್ಲ. ಅದಕ್ಕೆ ಬೇರೆ ಸಾಲು, ಬೇರೆ ಹಾಲ್ ಬೇಕು.

ಗೋಕುಲ ರಸ್ತೆಯ ನಿಲ್ದಾಣಕ್ಕೆ 2017ರ ಡಿಸೆಂಬರ್‌ನಲ್ಲಿ ಹೊಸ ಟರ್ಮಿನಲ್ ಬಂತು. 2024ರ ಮಾರ್ಚ್ 10ರಂದು ಇನ್ನೊಂದು ದೊಡ್ಡ ಟರ್ಮಿನಲ್‌ಗೆ ಶಂಕುಸ್ಥಾಪನೆ ಆಯಿತು. ಕಟ್ಟಡ ದೊಡ್ಡದಾದರೆ ಜಾಗದ ಮಾತು ಮುಗಿಯುತ್ತದೆ. ಸಿಬ್ಬಂದಿಯ ಮಾತು ಹಾಗೇ ಉಳಿಯುತ್ತದೆ. "ವಿಮಾನವೇ ಇಲ್ಲ, ಅಧಿಕಾರಿಗಳನ್ನು ಯಾಕೆ ಕೂರಿಸಬೇಕು" ಎಂದು ಇಲಾಖೆ ಕೇಳುತ್ತದೆ. "ಅಧಿಕಾರಿಗಳೇ ಇಲ್ಲ, ವಿಮಾನ ಹೇಗೆ ತರಲಿ" ಎಂದು ಕಂಪನಿ ಕೇಳುತ್ತದೆ. ಸಣ್ಣ ಊರುಗಳ ನಿಲ್ದಾಣಗಳು ಈ ಸುಳಿಯಲ್ಲೇ ವರ್ಷಗಟ್ಟಲೆ ಸಿಕ್ಕಿಕೊಳ್ಳುತ್ತವೆ. ಇದನ್ನು ಬಿಡಿಸಬೇಕಾದದ್ದು ಸರ್ಕಾರ. ಕಂಪನಿ ಮೊದಲು ಬರಲಿ ಎಂದು ಕಾಯುವುದು ಸರಿಯಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ.

ರನ್‌ವೇ ಸಣ್ಣದು ಅಂತಾರಲ್ಲ, ಖರೇನಾ?

ಗಲ್ಫ್‌ಗೆ ಹೋಗುವ ಮಟ್ಟಿಗೆ ಅದು ನೆಪ. ನಮ್ಮ ರನ್‌ವೇ ಸುಮಾರು 2,600 ಮೀಟರ್. ಮಂಗಳೂರಿನದು 2,450 ಮೀಟರ್, ಅಲ್ಲಿಂದ ಬೋಯಿಂಗ್ 737ನಂಥ ವಿಮಾನಗಳು ವರ್ಷಗಳಿಂದ ಗಲ್ಫ್‌ಗೆ ಹಾರುತ್ತಿವೆ. ಲಂಡನ್, ಫ್ರಾಂಕ್‌ಫರ್ಟ್‌ಗೆ ಸೀದಾ ಹೋಗುವ ದೊಡ್ಡ ವಿಮಾನದ ಮಾತು ಬೇರೆ. ಅದಕ್ಕೆ ಇನ್ನೂ ಉದ್ದದ ರನ್‌ವೇ ಬೇಕು, ಅಷ್ಟು ಪ್ರಯಾಣಿಕರೂ ಬೇಕು. ಸದ್ಯಕ್ಕೆ ಆ ಆಸೆ ಬೇಡ.

"ಪಾಯಿಂಟ್ ಆಫ್ ಕಾಲ್" ಅಂದ್ರ ಏನು? ಪೇಪರ್ನಾಗ ಅದ ಬರ್ತದ.

ಎರಡು ದೇಶಗಳ ಒಪ್ಪಂದದಲ್ಲಿ, ಆ ದೇಶದ ಕಂಪನಿಗಳು ಭಾರತದ ಯಾವ ಯಾವ ಊರಿಗೆ ಬರಬಹುದು ಎಂದು ಒಂದು ಪಟ್ಟಿ ಇರುತ್ತದೆ. ಆ ಪಟ್ಟಿಯ ಊರೇ ಪಾಯಿಂಟ್ ಆಫ್ ಕಾಲ್. ಪಟ್ಟಿಯಲ್ಲಿ ಹೆಸರಿಲ್ಲದಿದ್ದರೆ ನಿಲ್ದಾಣ ಎಷ್ಟೇ ಚೆಂದ ಇದ್ದರೂ ವಿದೇಶಿ ಕಂಪನಿ ಬರುವಂತಿಲ್ಲ.

ಕೇರಳದ ಕಣ್ಣೂರನ್ನು ನೋಡಿ. 2018ರ ಡಿಸೆಂಬರ್ 9ರಂದು ಉದ್ಘಾಟನೆಯಾದ ಅಂತಾರಾಷ್ಟ್ರೀಯ ನಿಲ್ದಾಣ ಅದು. ರನ್‌ವೇ 3,050 ಮೀಟರ್. ಕಸ್ಟಮ್ಸ್ ಇದೆ, ಇಮಿಗ್ರೇಷನ್ ಇದೆ, ಮನೆಗೊಬ್ಬರು ಗಲ್ಫ್‌ನಲ್ಲಿರುವಂಥ ಸೀಮೆ. ಆದರೂ ಪಾಯಿಂಟ್ ಆಫ್ ಕಾಲ್ ಸ್ಥಾನ ಸಿಗದೆ ವಿದೇಶಿ ಕಂಪನಿಗಳ ಮಾಮೂಲಿ ಹಾರಾಟ ಅಲ್ಲಿ ಶುರುವಾಗಲಿಲ್ಲ. ದೊಡ್ಡ ನಗರಗಳ ಹೊರಗಿನ ನಿಲ್ದಾಣಗಳಿಗೆ ಈ ಸ್ಥಾನ ಕೊಡಲು ಕೇಂದ್ರ ಹಿಂದೇಟು ಹಾಕುತ್ತಾ ಬಂದಿದೆ.

ಇದೇ ಕಣ್ಣೂರಿನಿಂದ ಭಾರತದ ಕಂಪನಿಗಳು ಗಲ್ಫ್‌ಗೆ ಹಾರಿವೆ. ಯಾಕೆಂದರೆ ಪಾಯಿಂಟ್ ಆಫ್ ಕಾಲ್ ಅಡ್ಡಿ ವಿದೇಶಿ ಕಂಪನಿಗೆ ಮಾತ್ರ. ಭಾರತದ ಕಂಪನಿ ತನ್ನ ದೇಶದ ಯಾವುದೇ ಅಂತಾರಾಷ್ಟ್ರೀಯ ನಿಲ್ದಾಣದಿಂದ ಹೊರಡಬಹುದು. ಹುಬ್ಬಳ್ಳಿಯವರು ಇದನ್ನು ಗಟ್ಟಿಯಾಗಿ ಹಿಡಿದುಕೊಳ್ಳಬೇಕು. ವಿದೇಶಿ ಕಂಪನಿಯ ಹೆಸರು ಹಿಡಿದು ಒತ್ತಾಯ ಮಾಡುವುದಕ್ಕಿಂತ, ಭಾರತದ ಕಂಪನಿಯ ಒಂದು ಗಲ್ಫ್ ವಿಮಾನ ಕೇಳುವುದು ಹತ್ತಿರದ ದಾರಿ.

ಗೋವಾಕ್ಕ ಬರ್ತಾವ, ಇಲ್ಲಿಗ್ಯಾಕಿಲ್ಲ?

ಗೋವಾ ಪ್ರವಾಸಿಗರ ಊರು. ದೋಹಾ, ಮಸ್ಕತ್ ಕಡೆಯ ಕಂಪನಿಗಳಿಗೆ ಅಲ್ಲಿ ಬರುವ ಹಕ್ಕು ಮೊದಲೇ ಸಿಕ್ಕಿತು. ಚಳಿಗಾಲದಲ್ಲಿ ರಷ್ಯಾ, ಬ್ರಿಟನ್‌ನಿಂದ ಪ್ರವಾಸಿಗರನ್ನು ಹೊತ್ತು ಬಂದ ವಿಮಾನಗಳು ಬಾಡಿಗೆಯ ಚಾರ್ಟರ್‌ಗಳು. ಅವುಗಳ ಅನುಮತಿ ಬೇರೆ ರೀತಿಯದು, ವೇಳಾಪಟ್ಟಿಯ ವಿಮಾನದ ಕಟ್ಟುಪಾಡು ಅವಕ್ಕಿಲ್ಲ.

ಧಾರವಾಡದ ಆಪೂಸ್ ಮಾವು ಸೀದಾ ಇಲ್ಲಿಂದ ಹೋಗಬಹುದಾ?

ಪ್ರಯಾಣಿಕರ ವಿಮಾನದ ಹೊಟ್ಟೆಯಲ್ಲೂ ಸರಕು ಹೋಗುತ್ತದೆ. ಹಾಗಾಗಿ ಒಂದು ಗಲ್ಫ್ ವಿಮಾನ ಬಂದರೆ ಕೆಲಗೇರಿ, ಕಲಕೇರಿ ಕಡೆಯ ಮಾವಿಗೂ ಬಾಗಿಲು ತೆರೆಯುತ್ತದೆ. ಹೂವು, ತರಕಾರಿಯಂಥ ಬೇಗ ಬಾಡುವ ಮಾಲಿಗೂ ಅಷ್ಟೇ. ಬ್ಯಾಡಗಿ ಮೆಣಸಿನಕಾಯಿ ಒಣಗಿದ ಮಾಲು, ಅದಕ್ಕೆ ಹಡಗೇ ಅಗ್ಗ. ಆದರೆ ಮಾವು ಕಳಿಸಲು ವಿಮಾನ ಒಂದೇ ಸಾಲದು. ಸರಕಿಗೆ ಕಸ್ಟಮ್ಸ್, ರೋಗವಿಲ್ಲ ಎಂದು ಸಸ್ಯ ತಪಾಸಣೆಯ ಪ್ರಮಾಣಪತ್ರ, ತಂಪು ಕೋಣೆ ಮೂರೂ ಬೇಕು. ವ್ಯಾಪಾರಸ್ಥರು ಅನುಮತಿಯ ಬೇಡಿಕೆ ಇಡುವಾಗ ಇದನ್ನೂ ಒಟ್ಟಿಗೇ ಇಡಬೇಕು.

## ಇನ್ನೂ ಒಳಗಿನ ಪ್ರಶ್ನೆಗಳು

ವಾರಕ್ಕ ಇಷ್ಟ ಸೀಟು ಅಂತ ಯಾಕ ಕಟ್ಟಿ ಹಾಕ್ತಾರ? ಜಾಸ್ತಿ ವಿಮಾನ ಬಂದ್ರ ಟಿಕೆಟ್ ಇಳಿಯೂದಿಲ್ಲೇನು?

ಇಳಿಯುತ್ತದೆ. ಹಬ್ಬ, ಶಾಲೆ ರಜೆ ಬಂದಾಗ ಗಲ್ಫ್ ಟಿಕೆಟ್ ಯಾವ ಮಟ್ಟಕ್ಕೆ ಏರುತ್ತದೆ ಎಂದು ನಮ್ಮ ಕಡೆಯ ಮನೆಗಳಿಗೆ ಹೇಳಿಕೊಡಬೇಕಿಲ್ಲ. ಹಾಗಿದ್ದರೂ ಸರ್ಕಾರ ಬಿಗಿ ಹಿಡಿಯಲು ಕಾರಣವಿದೆ.

ಯುಎಇ ಒಂದೇ ದೇಶವಾದರೂ ದುಬೈ, ಅಬುಧಾಬಿ, ಶಾರ್ಜಾಗಳಿಗೆ ಬೇರೆ ಬೇರೆ ಲೆಕ್ಕ. ದುಬೈ ಜೊತೆ ವಾರಕ್ಕೆ ಒಂದೊಂದು ಕಡೆಗೆ ಸುಮಾರು 66 ಸಾವಿರ ಸೀಟು. ಅಬುಧಾಬಿಯದು 2013ರಲ್ಲಿ ಸುಮಾರು 13 ಸಾವಿರದಿಂದ 50 ಸಾವಿರಕ್ಕೆ ಏರಿತು. ಇನ್ನೂ ಬೇಕು ಎಂದು ದುಬೈನ ಎಮಿರೇಟ್ಸ್ ವರ್ಷಗಳಿಂದ ಬಹಿರಂಗವಾಗಿ ಕೇಳುತ್ತಿದೆ. ದೆಹಲಿ ಒಪ್ಪದಿರುವುದಕ್ಕೆ ಒಂದು ವಾದವಿದೆ. ಗಲ್ಫ್ ಕಂಪನಿಗಳು ಒಯ್ಯುವವರಲ್ಲಿ ಬಹಳ ಜನ ಅಲ್ಲಿ ಇಳಿದು ಯುರೋಪ್, ಅಮೆರಿಕಕ್ಕೆ ಮುಂದೆ ಹೋಗುವವರು. ಆ ಪ್ರಯಾಣಿಕರನ್ನು ಭಾರತದ ಕಂಪನಿಗಳೇ ದೆಹಲಿ, ಮುಂಬೈ, ಬೆಂಗಳೂರಿನಿಂದ ಸೀದಾ ಕರೆದೊಯ್ಯಲಿ ಎಂಬುದು ಸರ್ಕಾರದ ಆಸೆ. 2023ರಲ್ಲಿ ಏರ್ ಇಂಡಿಯಾ 470 ವಿಮಾನ, ಇಂಡಿಗೋ 500 ವಿಮಾನ ಖರೀದಿಗೆ ಆರ್ಡರ್ ಕೊಟ್ಟವು. ಆ ವಿಮಾನಗಳು ತುಂಬಬೇಕಲ್ಲ.

ಈ ವಾದ ಸುಳ್ಳಲ್ಲ. ಆದರೆ ಇದು ಲಂಡನ್, ನ್ಯೂಯಾರ್ಕ್‌ಗೆ ಹೋಗುವವರ ಲೆಕ್ಕ. ಹಾವೇರಿಯಿಂದ ಶಾರ್ಜಾಕ್ಕೆ ಹೋಗುವ ಎಲೆಕ್ಟ್ರಿಷಿಯನ್‌ಗೆ ಶಾರ್ಜಾವೇ ಕೊನೆಯ ಊರು. ಅವನು ಯಾವ ಭಾರತೀಯ ಕಂಪನಿಯ ಯುರೋಪ್ ಪ್ರಯಾಣಿಕನನ್ನೂ ಕಸಿದುಕೊಳ್ಳುವುದಿಲ್ಲ. ಅವನನ್ನೂ ಅದೇ ತಕ್ಕಡಿಯಲ್ಲಿ ತೂಗುವುದು ಅನ್ಯಾಯ. ಸಣ್ಣ ಊರಿನಿಂದ ಹೊರಡುವ ಒಂದಿಷ್ಟು ಸೀಟನ್ನು ಈ ಮಿತಿಯಿಂದ ಹೊರಗಿಡಬೇಕು ಎಂದು ನಮ್ಮ ಸಂಸದರು ಕೇಳಬೇಕು. ಕೇಳಲು ಇದಕ್ಕಿಂತ ಗಟ್ಟಿ ಕಾರಣ ಬೇಕಿಲ್ಲ.

ಅಮೆರಿಕಾದ ಜೋಡಿ "ಓಪನ್ ಸ್ಕೈ" ಐತಿ ಅಂತಾರ. ಅದನ್ನ ಎಲ್ಲಾರಿಗೂ ಮಾಡಬಹುದಲ್ಲ?

2005ರಲ್ಲಿ ಅಮೆರಿಕದ ಜೊತೆ ಅಂಥ ಒಪ್ಪಂದ ಆಯಿತು. ಎಷ್ಟು ಹಾರಾಟ ಎಂಬ ಮಿತಿ ಅದರಲ್ಲಿಲ್ಲ. 2016ರ ರಾಷ್ಟ್ರೀಯ ನಾಗರಿಕ ವಿಮಾನಯಾನ ನೀತಿ ಇದನ್ನು ಸಾರ್ಕ್ ದೇಶಗಳಿಗೆ ಮತ್ತು ದೆಹಲಿಯಿಂದ 5,000 ಕಿಲೋಮೀಟರ್‌ಗಿಂತ ಆಚೆಯ ದೇಶಗಳಿಗೆ ಹಿಗ್ಗಿಸಲು ಒಪ್ಪಿತು. ಅವರೂ ನಮಗೆ ಅಷ್ಟೇ ಕೊಡಬೇಕು ಎಂಬ ಷರತ್ತಿನ ಮೇಲೆ. ಗಲ್ಫ್ ಪೂರ್ತಿ ಈ 5,000ದ ಒಳಗೇ ಬರುತ್ತದೆ. ಗೆರೆ ಎಲ್ಲಿ ಎಳೆದರು, ಯಾಕೆ ಎಳೆದರು ಎಂಬುದು ಇದರಿಂದಲೇ ಗೊತ್ತಾಗುತ್ತದೆ.

ಬೆಂಗಳೂರಿಗೆ ಬರೋ ವಿದೇಶಿ ವಿಮಾನನ ಹುಬ್ಬಳ್ಳಿಗೂ ಬಂದು ಹೋದ್ರ ಆತಲ್ಲ?

ಬೆಂಗಳೂರಿನಲ್ಲಿ ಹತ್ತಿದವರನ್ನು ಹುಬ್ಬಳ್ಳಿಯಲ್ಲಿ ಇಳಿಸಿ ಹಣ ತಗೊಳ್ಳುವ ಹಕ್ಕು ವಿದೇಶಿ ಕಂಪನಿಗಿಲ್ಲ. ಒಂದೇ ದೇಶದ ಎರಡು ಊರುಗಳ ನಡುವಿನ ಈ ವ್ಯಾಪಾರವನ್ನು ಕ್ಯಾಬೊಟಾಜ್ ಎನ್ನುತ್ತಾರೆ, ಹೆಚ್ಚಿನ ದೇಶಗಳು ಅದನ್ನು ಹೊರಗಿನವರಿಗೆ ಕೊಡುವುದಿಲ್ಲ. ಅಂದರೆ ಆ ಮುಕ್ಕಾಲು ಗಂಟೆ ಅವರ ಸೀಟುಗಳು ಖಾಲಿ ಉಳಿಯುತ್ತವೆ, ಇಂಧನ ಮಾತ್ರ ಸುಡುತ್ತದೆ.

ವಿಮಾನದವರ ಮಾತಿನಲ್ಲಿ ಇಂಥ ಹಕ್ಕುಗಳಿಗೆ ಒಂದರಿಂದ ಒಂಬತ್ತರ ತನಕ ಸಂಖ್ಯೆ ಇದೆ. ಮೇಲೆ ಹಾರಿಹೋಗುವುದು ಮೊದಲನೆಯದು. ಇಂಧನಕ್ಕೆ ಇಳಿಯುವುದು ಎರಡನೆಯದು. ತನ್ನ ದೇಶದಿಂದ ಜನರನ್ನು ತರುವುದು ಮೂರನೆಯದು, ಮರಳಿ ಒಯ್ಯುವುದು ನಾಲ್ಕನೆಯದು. ಮೂರನೇ ದೇಶಕ್ಕೆ ಮುಂದುವರಿಸುವುದು ಐದನೆಯದು. ಸಿಂಗಪುರ ಏರ್‌ಲೈನ್ಸ್ ಫ್ರಾಂಕ್‌ಫರ್ಟ್‌ನಿಂದ ನ್ಯೂಯಾರ್ಕ್‌ಗೆ ಜನರನ್ನು ಒಯ್ಯುವುದು ಈ ಹಕ್ಕಿನಿಂದ. ಕ್ಯಾಬೊಟಾಜ್ ಬರುವುದು ಕೊನೆಯ ಎಂಟು, ಒಂಬತ್ತರಲ್ಲಿ.

ಬ್ಯಾರೆ ದೇಶದಾಗ ಅನುಮತಿ ಹೆಂಗ ಕೊಡ್ತಾರ? ಎಷ್ಟ ದಿನ ಹಿಡೀತದ?

ಅಮೆರಿಕದಲ್ಲಿ ಅರ್ಜಿ ಸಾರಿಗೆ ಇಲಾಖೆಗೆ ಹೋಗುತ್ತದೆ. ಕಡತವನ್ನು ಯಾರು ಬೇಕಾದರೂ ಓದಬಹುದು, ತಕರಾರು ಬರೆದು ಹಾಕಬಹುದು. ಸುರಕ್ಷತೆಯ ಒಪ್ಪಿಗೆ ಕೊಡುವುದು ಅಲ್ಲಿನ ವಿಮಾನಯಾನ ನಿಯಂತ್ರಕ ಎಫ್ಎಎ. ಇಷ್ಟು ತೆರೆದಿಟ್ಟು ನಡೆಸುವ ಪದ್ಧತಿ ನನಗೆ ಬಹಳ ಇಷ್ಟ. ನಮ್ಮಲ್ಲೂ ಹಾಗಿದ್ದರೆ ಹುಬ್ಬಳ್ಳಿಯ ವ್ಯಾಪಾರಿ ತನ್ನ ಮಾತನ್ನು ಕಡತದಲ್ಲೇ ಸೇರಿಸಬಹುದಿತ್ತು.

ಆದರೆ ತೆರೆದ ಪದ್ಧತಿ ಎಂದ ಮಾತ್ರಕ್ಕೆ ಬೇಗ ಮುಗಿಯುವುದಿಲ್ಲ. ನಾರ್ವೇಜಿಯನ್ ಕಂಪನಿಯ ಐರ್ಲೆಂಡ್ ಶಾಖೆ 2013ರ ಡಿಸೆಂಬರ್‌ನಲ್ಲಿ ಅಮೆರಿಕಕ್ಕೆ ಅರ್ಜಿ ಹಾಕಿತು. ಅಲ್ಲಿನ ಕಂಪನಿಗಳು, ಪೈಲಟ್ ಸಂಘಗಳು ವಿರೋಧಿಸಿದವು. ಒಪ್ಪಿಗೆ ಬಂದದ್ದು 2016ರ ಡಿಸೆಂಬರ್‌ನಲ್ಲಿ. ಮುಕ್ತ ಒಪ್ಪಂದ ಇದ್ದ ಕಡೆಯೇ ಮೂರು ವರ್ಷ.

ಒಂದ ದೇಶದ ಸುರಕ್ಷತೆ ಸರಿ ಇಲ್ಲ ಅಂದ್ರ ಅಲ್ಲಿ ಎಲ್ಲಾ ಕಂಪನಿಗೂ ಹೊಡತ ಬೀಳ್ತದಾ?

ಬೀಳುತ್ತದೆ, ನಮಗೇ ಬಿದ್ದಿದೆ. 2014ರ ಜನವರಿಯಲ್ಲಿ ಎಫ್ಎಎ ಭಾರತವನ್ನು ಎರಡನೇ ದರ್ಜೆಗೆ ಇಳಿಸಿತು. ವಿಮಾನ ಅಸುರಕ್ಷಿತ ಎಂದಲ್ಲ, ನಮ್ಮ ನಿಯಂತ್ರಕರ ಬಳಿ ತರಬೇತಾದ ತಪಾಸಣೆಗಾರರು ಸಾಲದು ಎಂಬುದು ಮುಖ್ಯ ಕಾರಣ. 2015ರ ಏಪ್ರಿಲ್‌ನಲ್ಲಿ ಮೊದಲ ದರ್ಜೆ ಮರಳಿ ಸಿಗುವ ತನಕ ಭಾರತದ ಕಂಪನಿಗಳು ಅಮೆರಿಕಕ್ಕೆ ಹೊಸ ಹಾರಾಟ ಸೇರಿಸುವಂತಿರಲಿಲ್ಲ.

ಯುರೋಪ್‌ನವರೂ ಹೊರಗಿನ ಕಂಪನಿಗಳಿಗೆ ಬೇರೆಯೇ ಸುರಕ್ಷತಾ ಒಪ್ಪಿಗೆ ಇಟ್ಟಿದ್ದಾರೆ. ಪಾಕಿಸ್ತಾನದ ಪೈಲಟ್‌ಗಳ ಲೈಸೆನ್ಸ್ ಬಗ್ಗೆ ಅನುಮಾನ ಎದ್ದಾಗ 2020ರಲ್ಲಿ ಆ ದೇಶದ ವಿಮಾನ ಕಂಪನಿ ಪಿಐಎಯ ಒಪ್ಪಿಗೆಯನ್ನು ಅಮಾನತು ಮಾಡಿದರು, ತೆಗೆದದ್ದು 2024ರ ನವೆಂಬರ್‌ನಲ್ಲಿ.

ಎಲ್ಲಾ ಅನುಮತಿ ಸಿಕ್ಕತು ಅಂದ್ರು, ಆದ್ರೂ ವಿಮಾನ ಬರಲಿಲ್ಲ. ಯಾಕ?

ಹೆಚ್ಚಾಗಿ ಸ್ಲಾಟ್‌ನಿಂದ. ತುಂಬಿದ ನಿಲ್ದಾಣದಲ್ಲಿ ಇಳಿಯುವ ಸಮಯವೇ ಸಿಗುವುದಿಲ್ಲ. ಹಳಬರು ಒಂದು ಸೀಸನ್‌ನಲ್ಲಿ ತಮ್ಮ ಸ್ಲಾಟಿನ ನೂರಕ್ಕೆ 80ರಷ್ಟನ್ನು ಬಳಸಿದರೆ ಮುಂದಿನ ವರ್ಷವೂ ಅದು ಅವರದೇ. ಹೊಸಬರಿಗೆ ನಡುರಾತ್ರಿಯ ಚೂರುಗಳು ಉಳಿಯುತ್ತವೆ.

ದಾರಿಯೂ ಮುಚ್ಚಬಹುದು. ಪಾಕಿಸ್ತಾನ 2019ರ ಫೆಬ್ರುವರಿಯಿಂದ ಜುಲೈ ತನಕ ತನ್ನ ಆಕಾಶವನ್ನು ಮುಚ್ಚಿತು, 2025ರ ಏಪ್ರಿಲ್‌ನಲ್ಲಿ ಭಾರತದ ವಿಮಾನಗಳಿಗೆ ಮತ್ತೆ ಮುಚ್ಚಿತು. ಸುತ್ತಿ ಹೋಗಬೇಕಾದಾಗ ಇಂಧನ, ಸಮಯ ಎರಡೂ ಏರಿ ಮಾರ್ಗವೇ ನಷ್ಟಕ್ಕೆ ಬೀಳುತ್ತದೆ. ಭಾರತ ಮತ್ತು ಚೀನಾ ನಡುವೆ 2020ರಲ್ಲಿ ನಿಂತ ನೇರ ವಿಮಾನಗಳು ಮತ್ತೆ ಶುರುವಾದದ್ದು 2025ರ ಅಕ್ಟೋಬರ್‌ನಲ್ಲಿ. ಅಷ್ಟು ವರ್ಷ ಕಾಗದದ ಮೇಲೆ ಒಪ್ಪಂದ ಇದ್ದೇ ಇತ್ತು.

ಬ್ಯಾಗ್ ಕಳದ್ರ, ಒಡದ್ರ ವಿದೇಶಿ ಕಂಪನಿನ ಇಲ್ಲಿಂದ ಹಿಡಿಯಾಕ ಆಗ್ತದಾ?

ಆಗುತ್ತದೆ. ಪ್ರಯಾಣಿಕರ, ಲಗೇಜಿನ ನಷ್ಟಕ್ಕೆ ವಿಮಾನ ಕಂಪನಿಯ ಹೊಣೆ ಎಷ್ಟು ಎಂದು ಹೇಳುವ ಮಾಂಟ್ರಿಯಲ್ ಒಪ್ಪಂದಕ್ಕೆ ಭಾರತ 2009ರಲ್ಲಿ ಸೇರಿದೆ. ಬ್ಯಾಗ್ ಹಾಳಾಗಿದ್ದರೆ ಕೈಗೆ ಬಂದ 7 ದಿನದೊಳಗೆ ಬರೆದು ಕೊಡಬೇಕು, ತಡವಾಗಿ ಬಂದಿದ್ದರೆ 21 ದಿನದೊಳಗೆ. ಕೋರ್ಟಿಗೆ ಹೋಗುವುದಾದರೆ 2 ವರ್ಷದೊಳಗೆ. ನಿಲ್ದಾಣದಿಂದ ಹೊರಗೆ ಬರುವ ಮೊದಲೇ ಕೌಂಟರ್‌ನಲ್ಲಿ ದೂರಿನ ಚೀಟಿ ಮಾಡಿಸಿಕೊಳ್ಳಿ. ಬೋರ್ಡಿಂಗ್ ಪಾಸ್, ಲಗೇಜ್ ಚೀಟಿ ಎಸೆಯಬೇಡಿ.

ಹಂಗಾದ್ರ ನಾವು ಯಾರಿಗೆ ಬರೀಬೇಕು, ಏನಂತ ಬರೀಬೇಕು?

"ಹುಬ್ಬಳ್ಳಿಗೆ ಅಂತಾರಾಷ್ಟ್ರೀಯ ವಿಮಾನ ಕೊಡಿ" ಎಂದಷ್ಟೇ ಬರೆದರೆ ಆ ಪತ್ರ ಯಾರ ಮೇಜಿಗೂ ಸೇರುವುದಿಲ್ಲ. ಬೇಡಿಕೆಯನ್ನು ಬಿಡಿಸಿ ಬರೆಯಬೇಕು. ಕಸ್ಟಮ್ಸ್ ಅಧಿಸೂಚನೆ ಕೇಂದ್ರ ಹಣಕಾಸು ಸಚಿವಾಲಯಕ್ಕೆ, ಇಮಿಗ್ರೇಷನ್ ಗೃಹ ಸಚಿವಾಲಯಕ್ಕೆ. ಸೀಟು ಮತ್ತು ಪಾಯಿಂಟ್ ಆಫ್ ಕಾಲ್ ಮಾತು ನವದೆಹಲಿಯ ರಾಜೀವ್ ಗಾಂಧಿ ಭವನದಲ್ಲಿರುವ ನಾಗರಿಕ ವಿಮಾನಯಾನ ಸಚಿವಾಲಯಕ್ಕೆ. ಪ್ರತಿಯೊಂದರ ನಕಲು ಧಾರವಾಡ, ಹಾವೇರಿ ಸಂಸದರಿಗೆ. ಅದರ ಜೊತೆಗೇ ಭಾರತದ ವಿಮಾನ ಕಂಪನಿಗಳಿಗೆ, ವಾರಕ್ಕೆ ಎರಡು ಮೂರು ದಿನ ಒಂದೇ ಒಂದು ಗಲ್ಫ್ ಊರಿಗೆ ವಿಮಾನ ಹಾಕಿ ಎಂದು ಬರೆಯಬೇಕು.

ಪತ್ರಕ್ಕೆ ತೂಕ ಕೊಡುವುದು ಲೆಕ್ಕ. ಧಾರವಾಡ, ಗದಗ, ಹಾವೇರಿ ಮೂರು ಜಿಲ್ಲೆಗಳ ಟ್ರಾವೆಲ್ ಏಜೆಂಟರು ಕೂತು, ಯಾವ ತಿಂಗಳು ಯಾವ ಊರಿಗೆ ಎಷ್ಟು ಟಿಕೆಟ್ ಮಾಡಿಸಿದ್ದೇವೆ ಎಂದು ಪ್ರಯಾಣಿಕರ ಹೆಸರಿಲ್ಲದೆ ಒಟ್ಟು ಮಾಡಬಹುದು. ಬೆಂಗಳೂರಿನಿಂದ ಹಜ್‌ಗೆ ಹೊರಡುವ ನಮ್ಮ ಜಿಲ್ಲೆಗಳವರ ಸಂಖ್ಯೆ ಹಜ್ ಸಮಿತಿಯಲ್ಲಿ ಸಿಗುತ್ತದೆ. ಮಾವು, ಹೂವಿನ ವ್ಯಾಪಾರಸ್ಥರು ತಾವು ಕಳಿಸುವ ಟನ್ ಲೆಕ್ಕ ಕೊಡಬಹುದು. ಹುಬ್ಬಳ್ಳಿಯ ಕರ್ನಾಟಕ ವಾಣಿಜ್ಯೋದ್ಯಮ ಸಂಸ್ಥೆಯಂಥವರು ಇದನ್ನೆಲ್ಲ ಒಂದೇ ಕಡತ ಮಾಡಿ ಕೊಟ್ಟರೆ ಕಂಪನಿಯ ಮಾರ್ಗ ವಿಭಾಗದವರು ಓದುತ್ತಾರೆ. ಅವರಿಗೆ ಬೇಕಾದದ್ದು ವಿಮಾನ ವರ್ಷವಿಡೀ ತುಂಬುತ್ತದೋ, ಹಬ್ಬಕ್ಕೆ ಮಾತ್ರವೋ ಎಂಬ ವಿವರ. ಕಡತ ಬೇಸಿಗೆ ವೇಳಾಪಟ್ಟಿಗೆ ಬೇಕಿದ್ದರೆ ಹಿಂದಿನ ದೀಪಾವಳಿಗೂ ಸಾಕಷ್ಟು ಮೊದಲೇ ತಲುಪಬೇಕು.